ಖಾಲಿ ಉಳಿದ ವೇಳೆ

ನಾಲ್ಕು ವರ್ಷಗಳ ಹಿಂದಿನ ಮಾತು. ಬೆಳಗಾವಿಯ ಸದಾಶಿವನಗರದ ಸಣ್ಣ ಸಾಫ್ಟ್‌ವೇರ್ ಕಚೇರಿಯೊಂದರಲ್ಲಿ ನಾನು ಹಿರಿಯ ಪ್ರೋಗ್ರಾಮರ್. ಖಾನಾಪುರದ ಒಂದು ಖಾಸಗಿ ಆಸ್ಪತ್ರೆಯ ಸಾಫ್ಟ್‌ವೇರ್ ನಾನೇ ಬರೆದದ್ದು. ರೋಗಿ ಬಂದ ದಿನಾಂಕಕ್ಕೆ ಅದರಲ್ಲಿ ಒಂದು ಕಾಲಂ, ವೇಳೆಗೆ ಇನ್ನೊಂದು. ವರದಿ ತೆಗೆಯುವಾಗ ನನ್ನ ಕೋಡ್ ಎರಡನ್ನೂ ಕೂಡಿಸಿ ಒಂದು ಮಾಡುತ್ತಿತ್ತು. ಹಾಗೆ ಕೂಡಿಸದೆ ಯಾರು ಎಷ್ಟು ಹೊತ್ತು ಕಾದರೆಂದು ಲೆಕ್ಕ ಹಾಕಲು ಬರುವುದಿಲ್ಲ.

ಹಲಸಿಯ ಕುರಿಗಾರರೊಬ್ಬರು ಎದೆನೋವೆಂದು ಬಂದು, ಮಧ್ಯಾಹ್ನದ ಹೊತ್ತಿಗೆ ತೀರಿಕೊಂಡರು. ಪ್ರತಿ ಸಾವಿಗೂ ಅಲ್ಲಿ ಒಳಗಿನ ವಿಚಾರಣೆ ಇರುತ್ತದೆ. ನನ್ನ ವರದಿಯ ಪ್ರಕಾರ ಅವರು ಬಂದದ್ದು ರಾತ್ರಿ ಹನ್ನೆರಡಕ್ಕೆ, ಚಿಕಿತ್ಸೆ ಶುರುವಾದದ್ದು ಬೆಳಿಗ್ಗೆ ೯.೪೦ಕ್ಕೆ. ಹಿಂದಿನ ಸಂಜೆಯಿಂದ ಡ್ಯೂಟಿಯಲ್ಲಿದ್ದ ನರ್ಸ್ ಶಹನಾಜ್, ಬಂದ ಹತ್ತು ನಿಮಿಷಕ್ಕೇ ಇಸಿಜಿ ಮಾಡಿದೆ ಎಂದು ಅಳುತ್ತ ಹೇಳಿದಳು. ವರದಿ ವಿವರಿಸಲು ಅವರು ಕರೆಸಿದ್ದ ನಾನು, "ಕಂಪ್ಯೂಟರ್ ಯಾಕ ಸುಳ್ಳ ಹೇಳತೈತ್ರಿ?" ಎಂದುಬಿಟ್ಟೆ. ಅವತ್ತೇ ಆಕೆಯನ್ನು ಕೆಲಸದಿಂದ ತೆಗೆದರು.

ಮೂರು ವಾರ ಕಳೆದು ಬೇರೆ ವರದಿ ತೆಗೆಯುವಾಗ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಆರು ತಿಂಗಳಲ್ಲಿ ಹದಿನೇಳು ರೋಗಿಗಳು ನಿಮಿಷ ಆಚೀಚೆಯಾಗದೆ ರಾತ್ರಿ ಹನ್ನೆರಡಕ್ಕೇ ಬಂದಿದ್ದರು. ತೆಗೆದು ನೋಡಿದರೆ ಹದಿನೇಳು ಕಡೆಯೂ ವೇಳೆಯ ಕಾಲಂ ಖಾಲಿ. ವೇಳೆ ಇಲ್ಲದಿದ್ದರೆ ನನ್ನ ಕೋಡ್ ದಿನಾಂಕಕ್ಕೆ ಸೊನ್ನೆ ಕೂಡಿಸುತ್ತಿತ್ತು. ಸೊನ್ನೆ ಗಂಟೆ ಎಂದರೆ ನಡುರಾತ್ರಿ. ಹಲಸಿಯ ಕುರಿಗಾರರೂ ಆ ಹದಿನೇಳರಲ್ಲೊಬ್ಬರು.

ಮರುದಿನವೇ ಹಲಸಿಗೆ ಹೋದೆ. ತೀರಿಕೊಂಡವರ ಹೆಂಡತಿ ಶಾಂತವ್ವ, ಬೆಳಿಗ್ಗೆ ಕುರಿ ಬಿಡುವಾಗ ನೋವು ಬಂತೆಂದೂ, ಆಸ್ಪತ್ರೆ ಮುಟ್ಟಿದಾಗ ಒಂಬತ್ತೂವರೆಯಾಗಿತ್ತೆಂದೂ ಹೇಳಿದರು.

"ಹೆಸರ ಹಾಕ್ಕೋತಿದ್ದ ಆ ನರ್ಸ್ ಹುಡುಗಿ ಕಂಪ್ಯೂಟರ್ ಅಲ್ಲೇ ಬಿಟ್ಟು ಓಡಿ ಬಂದ್ಲರಿ. ನನ್ನ ಯಾರರ ಕೇಳಿದ್ರೇನು?"

ತಪ್ಪು ನನ್ನದೆಂದು ಬರೆದುಕೊಟ್ಟೆ. ಆಸ್ಪತ್ರೆಯವರು ಕೊಟ್ಟ ಮರುನೇಮಕದ ಪತ್ರವನ್ನು ನಾನೇ ಶಹನಾಜ್ ಮನೆಗೆ ಒಯ್ದೆ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ; ಇಲ್ಲಿ ಮಾಡಿದವನು ನಾನು, ಉಂಡವಳು ಆಕೆ. ಪತ್ರವನ್ನು ಎರಡು ಸಲ ಓದಿ ಕೇಳಿದಳು:

"ಮೊದಲ ಟೈಮ್ ಹಾಕ್ಕೋತ ಕುಂತಿದ್ರ ನನ್ನ ನೌಕರಿ ಹೋಗತಿದ್ದಿಲ್ಲ, ಹೌದಲ್ರಿ ಸರ್?"

ಹೌದೆನ್ನಲೇಬೇಕಾಯಿತು. ಆ ನಾಚಿಕೆ ಇನ್ನೂ ಹೋಗಿಲ್ಲ.

ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಬಿಡಬೇಕು. ನನ್ನ ವೃತ್ತಿ ಕಲಿಸಿದ್ದು ಅಷ್ಟೇ. ಈಗ ವೇಳೆ ಖಾಲಿಯಿದ್ದರೆ ನನ್ನ ಕೋಡ್ ಖಾಲಿಯೆಂದೇ ತೋರಿಸುತ್ತದೆ. ಆದರೆ ಶಹನಾಜ್ ಕಲಿತ ಪಾಠ ಬೇರೆ. ಹೋದ ವರ್ಷ ನಾನು ಆಸ್ಪತ್ರೆಯಲ್ಲಿದ್ದಾಗಲೇ ಉಸಿರಿಗೆ ಒದ್ದಾಡುತ್ತಿದ್ದ ಮುದುಕಿಯೊಬ್ಬಳನ್ನು ಹೊತ್ತು ತಂದರು. ಶಹನಾಜ್ ಥಟ್ಟನೆ ಎದ್ದಳು. ಮತ್ತೆ ಕುಳಿತಳು. ಗಡಿಯಾರ ನೋಡಿ ವೇಳೆ ಹಾಕಿದಳು, ಸರಿಯಾಗಿದೆಯೇ ಎಂದು ಇನ್ನೊಮ್ಮೆ ನೋಡಿದಳು. ಆಮೇಲೆ ಮುದುಕಿಯ ಹತ್ತಿರ ಹೋದಳು.