ಗೊಂಚಲಿನ ಎರಡನೇ ಕೀ

ಬ್ಯಾಂಕಿನಿಂದ ನಿವೃತ್ತಳಾದ ಮೇಲೆ ಜಯನಗರದ ಮನೆಯಲ್ಲಿ ಕೂತು ಕೂತು ಬೇಜಾರಾಗಿ, ಶನಿವಾರ, ಭಾನುವಾರ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಸುದ್ದಗುಂಟೆಪಾಳ್ಯದ ಶಾಲೆಯೊಂದರಲ್ಲಿ ದೊಡ್ಡವರಿಗೆ ಓದು ಬರಹ ಕಲಿಸುತ್ತಿದ್ದೆ. ಆ ಹೊತ್ತಿಗೆ ಶಾಲೆ ಖಾಲಿ. ಹೆಡ್‌ಮಿಸ್ ಕೀ ಗೊಂಚಲನ್ನು ನನ್ನ ಕೈಗೇ ಕೊಟ್ಟಿದ್ದರು.

ಬರುತ್ತಿದ್ದವರಲ್ಲಿ ಬೀದಿ ಗುಡಿಸುವ ಹೆಂಗಸೊಬ್ಬಳಿದ್ದಳು. ಬೆಳಗಿನ ಆರಕ್ಕೆ ಪೊರಕೆ ಹಿಡಿದರೆ ಎರಡಕ್ಕೆ ಬಿಡುವು. ಅಲ್ಲಿಂದ ನೇರ ನನ್ನ ತರಗತಿಗೆ. ಜೊತೆಯ ಕೆಲಸದವರ ಹಾಜರಿ ಬರೆಯಲು ಕಲಿತರೆ ಮೇಸ್ತ್ರಿ ಮಾಡುತ್ತೇವೆ ಎಂದು ಆಫೀಸಿನವರು ಹೇಳಿದ್ದರಂತೆ. ಎಲ್ಲರಿಗಿಂತ ಚುರುಕು, ಆದರೆ ಏನು ಪ್ರಯೋಜನ? ಮೂರಾಗುತ್ತಲೇ ಪುಸ್ತಕ ಮಡಚಿ "ಬರ್ತೀನಿ ಮೇಡಂ" ಅಂತ ಹೊರಟೇಬಿಡುವಳು. ನಾನು ಬರವಣಿಗೆ ಶುರುಮಾಡಿಸುತ್ತಿದ್ದುದೇ ಮೂರಕ್ಕೆ. ಮೈಯೆಲ್ಲ ಉರಿಯುತ್ತಿತ್ತು ನನಗೆ.

ಮಾರ್ಚ್ ತಿಂಗಳ ಬಿಸಿಲು. ಒಂದು ದಿನ ತುಟಿ ಒಣಗಿ ಕೂತಿದ್ದ ಅವಳಿಗೆ ನನ್ನ ನೀರಿನ ಬಾಟಲಿಯನ್ನೇ ಕೊಡಹೋದೆ. ಆ ದೊಡ್ಡತನಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ ಅನ್ನಿ. ಅವಳು ಬೇಡವೆಂದಳು. ಮೂರಕ್ಕೆ ಮತ್ತೆ ಎದ್ದಳು.

"ನಿಮಗೆ ಕಲಿಯೋ ಮನಸ್ಸೇ ಇಲ್ಲ ಕಣಮ್ಮ! ನಾನ್ಯಾಕೆ ಇಲ್ಲಿ ಗಂಟಲು ಹರ್ಕೊಳ್ಳಲಿ?" ಎಂದು ಎಲ್ಲರ ಮುಂದೆ ರೇಗಿದೆ.

ಅವಳು ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಮನ್ಸಿದೆ ಮೇಡಂ. ಬೆಳಿಗ್ಗೆಯಿಂದ ಬಾತ್ರೂಮಿಗೆ ಹೋಗಿಲ್ಲ. ರೋಡಲ್ಲಿ ಎಲ್ಲಿ ಹೋಗ್ಲಿ? ಅದಕ್ಕೇ ನೀರೂ ಕುಡಿಯಲ್ಲ. ಇಲ್ಲಿ ನೋಡಿದ್ರೆ ಬೀಗ. ನಮ್ಮನೆ ಬೇಗೂರು, ಮುಟ್ಟೋಷ್ಟರಲ್ಲಿ ಜೀವ ಹೋಗುತ್ತೆ."

ಥೂ, ಇದಕ್ಕೂ ಬೀಗವೇ ಎಂದು ಹೆಡ್‌ಮಿಸ್ ಮೇಲೆ ಸಿಟ್ಟು ನೆತ್ತಿಗೇರಿ, ಫೋನಿಗಾಗಿ ಬ್ಯಾಗಿಗೆ ಕೈ ಹಾಕಿದೆ. ಸಿಕ್ಕಿದ್ದು ಕೀ ಗೊಂಚಲು. ಅದರಲ್ಲಿ ಎರಡು ಕೀ: ಒಂದು ತರಗತಿಯದು, ಇನ್ನೊಂದು ಶೌಚಾಲಯದ್ದು. ಪ್ರತಿ ಸಲ ಪಾಠಕ್ಕೆ ಮುಂಚೆ ಹೋಗಿ ಬಂದು, ಮರೆಯದೆ ಬೀಗ ಹಾಕಿ, ಕೀಯನ್ನು ಬ್ಯಾಗಿಗೆ ಸೇರಿಸುತ್ತಿದ್ದವಳು ನಾನೇ. ಮೂರು ತಿಂಗಳಿಂದ! ನನ್ನ ಮೇಲೆ ನನಗೇ ಅಸಹ್ಯವಾಯಿತು.

ಕೀಯನ್ನು ಅವಳ ಕೈಗಿಟ್ಟೆ. ಹೋಗಿ ಬಂದವಳು ತಾನೇ ಕೇಳಿ ಬಾಟಲಿ ಇಸಕೊಂಡು ಗಟಗಟ ಖಾಲಿ ಮಾಡಿದಳು. ಅಂದು ಮೊದಲ ಸಲ ನಾಲ್ಕರವರೆಗೂ ಕೂತಳು. ಪುಟಕ್ಕೆ ಗೆರೆ ಎಳೆದು, ಜೊತೆಯವರ ಹೆಸರುಗಳನ್ನು ಒಂದರ ಕೆಳಗೊಂದು ಬರೆಯತೊಡಗಿದಳು.

"ನೋಡಿ, ಇನ್ನೊಂದು ತಿಂಗಳಲ್ಲಿ ನೀವೇ ಮೇಸ್ತ್ರಿ," ಅಂದೆ.

ಅವಳು ತಲೆಯೆತ್ತಲಿಲ್ಲ, ಬರೆಯುವುದನ್ನೂ ನಿಲ್ಲಿಸಲಿಲ್ಲ. "ಅದು ಹೋದ ವಾರಾನೇ ಬೇರೆಯವ್ರಿಗೆ ಆಗೋಯ್ತು ಮೇಡಂ."