ಪೂಜೆಯಾದ ಕಾರು

ಹೊಸ ಕಾರು ಜರ್ಮನ್‌ಟೌನಿನ ಮನೆಗೆ ಬಂದ ದಿನವೇ ಚಕ್ರದಡಿ ನಿಂಬೆಹಣ್ಣಿಟ್ಟು ಪೂಜೆ ಮಾಡಿದ್ದೆ. ಲೋನ್ ಮಂಜೂರಾಗುವ ಮೊದಲೇ ಕಾರು ಕೊಟ್ಟು ಕಳಿಸಿದ್ದ ಡೀಲರ್ ವಾರ ಕಳೆಯುವುದರೊಳಗೆ ಫೋನ್ ಮಾಡಿದ. ನಮ್ಮವರ ವೀಸಾ ಅವಧಿ ಸಾಲದೆಂದು ಬ್ಯಾಂಕು ಲೋನ್ ಕೊಡಲಿಲ್ಲವಂತೆ, ಕಾರು ವಾಪಸ್ ತನ್ನಿ ಅಂದ. ಹೊಸದರ ಬೆಲೆಯಲ್ಲಿ ಮುರಿದುಕೊಳ್ಳಲೆಂದು ಹಳೇ ಕಾರನ್ನು ಅವನಿಗೇ ಕೊಟ್ಟುಬಿಟ್ಟಿದ್ದೆವು. ಅದನ್ನವನು ಮಾರಿದ್ದರೆ ಇವರು ಕೆಲಸಕ್ಕೆ ಹೋಗುವುದು ಹೇಗೆ?

ಹೊರಡುವಾಗ ಕಾರಿನ ಮುಂದೆ ಹಚ್ಚಿದ್ದ ಕುಂಕುಮ ಒರೆಸಲು ನನಗೆ ಕೈ ಬರಲಿಲ್ಲ.

"ಇರಲಿ ಬಿಡೇ, ಅವನಿಗೂ ಒಳ್ಳೇದಾಗಲಿ," ಅಂದರು ಇವರು.

ದಾರಿಯುದ್ದಕ್ಕೂ ದೇವರನ್ನು ನೆನೆದೆ. ಶೋರೂಮಿನ ಹಿಂದೆ ನಮ್ಮ ಹಳೇ ಕಾರು, ಸದ್ಯ, ಹಾಗೇ ನಿಂತಿತ್ತು. ಡ್ಯಾಶ್‌ಬೋರ್ಡಿಗೆ ನಾನೇ ಅಂಟಿಸಿ, ಕೊಡುವ ದಿನ ಕೀಳಲಾಗದೆ ಬಿಟ್ಟು ಬಂದಿದ್ದ ಗಣಪತಿಯೂ ಅಲ್ಲೇ ಕೂತಿದ್ದ. ಡೀಲರ್ ಕೀ ವಾಪಸ್ ಕೊಟ್ಟ ಮೇಲೇ ನನಗೆ ಉಸಿರು ಬಂದದ್ದು.