ತೇವ ನಿಂತ ಜಾಗ

ಸುಳ್ಳು ಹೇಳುವ ಮನುಷ್ಯರನ್ನು ನಾನು ಸಹಿಸಿಕೊಳ್ಳುತ್ತೇನೆ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವಳಿಗೆ ಬೇರೆ ದಾರಿಯೂ ಇರಲಿಲ್ಲ. ಸುಳ್ಳು ಹೇಳುವ ಯಂತ್ರವನ್ನು ಮಾತ್ರ ಸಹಿಸಲಾರೆ. ಹೋಮ್‌ವರ್ಕ್ ಪುಸ್ತಕವನ್ನು ಎಮ್ಮೆ ತಿಂದಿತು ಎನ್ನುವ ಹುಡುಗನ ಮುಖದಲ್ಲಿ ಸ್ವಲ್ಪ ನಾಚಿಕೆಯಾದರೂ ಇರುತ್ತದೆ. ನಮ್ಮ ಅಡುಗೆಮನೆಯ ಸ್ಟೀಮ್ ಓವನ್ನಿಗೆ ಅದೂ ಇರಲಿಲ್ಲ. ಹೊಟ್ಟೆ ತುಂಬ ನೀರಿಟ್ಟುಕೊಂಡೇ ಕೆಂಪು ದೀಪ ಮಿಣುಕಿಸುತ್ತ, ‘ನೀರು ತುಂಬಿಸಿ’ ಎಂದು ಕೀಂಯ್‌ಗುಟ್ಟುತ್ತಿತ್ತು. ನಾನು ಅದರ ನೀರಿನ ತೊಟ್ಟಿ ಹೊರಗೆಳೆದು, ನೀರು ತೋರಿಸಿ, ಮತ್ತೆ ಒಳಗಿಟ್ಟೆ. ಅದು ಮತ್ತೆ ಅದನ್ನೇ ಹೇಳಿತು.

ರಾಯಚೂರಿನಂಥ ಬಿಸಿಲಿನ ಊರಿನಲ್ಲಿ ಉಗಿಗೊಂದು ಪೆಟ್ಟಿಗೆ ಏಕೆ ಎಂದು ನೀವು ಕೇಳಬಹುದು. ನನ್ನ ಗಂಡನೂ ಕೇಳಿದ್ದರು. “ಉಗಿ ಬೇಕಂದ್ರ ಬಚ್ಚಲದಾಗ ಹಂಡೆ ಅದಲ್ಲ, ಅದರ ಬಾಜೂಕ ರೊಟ್ಟಿ ಕುಂದ್ರಸು” ಎಂದಿದ್ದರು. ಈ ಓವನ್ ಮನೆಗೆ ಬಂದದ್ದು ಅವರ ತಾಯಿಯ ಹಲ್ಲಿನ ದೆಸೆಯಿಂದ. ಅತ್ತೆ ದೇವದುರ್ಗ ತಾಲ್ಲೂಕಿನ ಗಬ್ಬೂರಿನವರು. ಜೋಳದ ರೊಟ್ಟಿ ತಿಂದೇ ಎಂಬತ್ತು ದಾಟಿದವರು. ಕೊನೆಯ ಹಲ್ಲು ಬಿದ್ದಾಗ ನಾವು ಹಲ್ಲಿನ ಸೆಟ್ಟು ಮಾಡಿಸಿಕೊಟ್ಟೆವು. “ಮಂದಿ ಹಲ್ಲು ನನ್ನ ಬಾಯಾಗ ಯಾಕಬೇ?” ಎಂದು ಅದನ್ನು ಡಬ್ಬಿಯೊಳಗಿಟ್ಟು ಮುಚ್ಚಿದರು. ಆಮೇಲೆ ಮೂರು ಹೊತ್ತೂ ಮೆತ್ತನೆಯ ಅನ್ನ. ಉಂಡೆದ್ದ ಮೇಲೆ ದಿನವೂ ಒಂದೇ ಮಾತು: “ನುಂಗೀನಿ. ಉಂಡಿಲ್ಲ.” ಆರು ತಿಂಗಳಲ್ಲಿ ಅವರ ಬಳೆಗಳು ಮೊಣಕೈವರೆಗೆ ಜಾರತೊಡಗಿದವು.

ಬಿಸಿರೊಟ್ಟಿ ಮೆತ್ತಗಿರುತ್ತದಲ್ಲ ಎನ್ನುವಿರಿ. ಇರುತ್ತದೆ, ತವೆಯಿಂದ ಇಳಿದ ನಾಲ್ಕು ನಿಮಿಷ. ಅತ್ತೆ ಒಂದೊಂದು ತುತ್ತನ್ನೂ ಒಸಡಿನಲ್ಲಿ ಅತ್ತಿತ್ತ ಆಡಿಸಿ ಮುಗಿಸುವ ಹೊತ್ತಿಗೆ ಉಳಿದ ರೊಟ್ಟಿ ಬಿಗಿದುಕೊಂಡಿರುತ್ತದೆ. ಹಾಲಿನಲ್ಲಿ ನೆನೆಸಿಕೊಟ್ಟರೆ ಕೂಸಿನ ಊಟವೆಂದು ತಟ್ಟೆ ಸರಿಸುತ್ತಾರೆ. ಇಡ್ಲಿ ಪಾತ್ರೆಯಲ್ಲಿಟ್ಟರೆ ಮುಚ್ಚಳದ ಹನಿ ಬಿದ್ದು ರೊಟ್ಟಿ ಅಂಬಲಿಯಾಗುತ್ತದೆ. ಸ್ಟೀಮ್ ಓವನ್ನಿನ ಉಗಿ ಮಾತ್ರ ಎಲ್ಲ ಕಡೆಯಿಂದ ಮೆಲ್ಲಗೆ ಬಂದು, ರೊಟ್ಟಿಯನ್ನು ಒದ್ದೆ ಮಾಡದೆ ಮೆತ್ತಗೆ ಮಾಡುತ್ತದೆ. ಮೊದಲ ದಿನ ಅತ್ತೆ ಪುಂಡಿಪಲ್ಯ ಹಚ್ಚಿಕೊಂಡು ಒಂದೂವರೆ ರೊಟ್ಟಿ ಉಂಡರು. ಉಂಡು, ಕೈ ತೊಳೆಯದೆ ತುಂಬ ಹೊತ್ತು ಕೂತಿದ್ದರು. ಆ ಕೈ ನೋಡಿ ನನಗೆ ಅಳು ಬಂತು. ಗಂಡ ಆ ದಿನದಿಂದ ಹಂಡೆಯ ಮಾತೆತ್ತಲಿಲ್ಲ. ಅತ್ತೆಯಂತೂ ಓವನ್ನಿಗೆ ನೀರು ತುಂಬಿಸುವ ಕೆಲಸವನ್ನು ಯಾರಿಗೂ ಬಿಡಲಿಲ್ಲ. ಬೆಳಿಗ್ಗೆ ಎದ್ದು ವಿಭೂತಿ ಹಚ್ಚಿಕೊಂಡ ಮೇಲೆ ಅವರ ಮೊದಲ ಕೆಲಸವೇ ಅದು.

ಅಂಥ ಓವನ್ ಕೆಟ್ಟಿತು. ಮೊದಲ ದಿನ ಅತ್ತೆ ಅನ್ನ ನುಂಗಿದರು. ಎರಡನೆಯ ದಿನ ಅರ್ಧ ಬಿಟ್ಟರು. ಮೂರನೆಯ ದಿನ “ಹಸಿವಿಲ್ಲ ಬಿಡು” ಎಂದರು. ನಾನು ಕಂಪನಿಗೆ ಫೋನು ಹಚ್ಚಿದೆ. ಅರ್ಧ ಗಂಟೆ ಸಂಗೀತ ಕೇಳಿಸಿದ ಮೇಲೆ ಒಬ್ಬ ತರುಣ ಸಿಕ್ಕ. ಓವನ್ನಿನ ಪರದೆಯ ಮೇಲಿನ ಅಕ್ಷರ, ಅಂಕಿ ಓದಿಸಿಕೊಂಡು, “ನೀರಿನ ವಾಲ್ವ್ ಹೋಗಿದೆ ಮೇಡಂ. ನಿಮ್ಮ ಕಡೆ ನೀರು ಗಡಸಲ್ವಾ, ಸುಣ್ಣ ಕಟ್ಕೊಂಡಿರುತ್ತೆ. ಅದು ವಾರಂಟಿಗೆ ಬರಲ್ಲ. ಮೆಷಿನ್ ಹೈದರಾಬಾದಿಗೆ ಕಳಿಸಿ, ಒಂದೂವರೆ ತಿಂಗಳಾಗುತ್ತೆ” ಎಂದ. ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಕಳಿಸುತ್ತಿದ್ದೆನೋ ಏನೋ. ಅವನು ಮುಂದುವರಿಸಿ, “ನಿಮ್ಮಂಥ ಊರಲ್ಲಿ ಇಂಥ ಮೆಷಿನ್ ತಗೊಳ್ಳೋಕೆ ಮುಂಚೆ ಯೋಚ್ನೆ ಮಾಡ್ಬೇಕಿತ್ತು ಮೇಡಂ” ಎಂದುಬಿಟ್ಟ.

ನಮ್ಮಂಥ ಊರು! ಒಂದು ಪಕ್ಕ ಕೃಷ್ಣೆ, ಇನ್ನೊಂದು ಪಕ್ಕ ತುಂಗಭದ್ರೆ. ಈ ಎರಡರ ನಡುವಿನ ನೆಲಕ್ಕಾಗಿ ಆನೆ ಕುದುರೆ ಕಟ್ಟಿಕೊಂಡು ಬಂದು ಶತಮಾನಗಟ್ಟಲೆ ಬಡಿದಾಡಿದ ರಾಜರು, ಸುಲ್ತಾನರು ಎಷ್ಟು ಮಂದಿ! ಇಲ್ಲಿಯ ನೀರು ಗಡಸು ಎಂದು ಅವರಲ್ಲಿ ಒಬ್ಬನೂ ವಾಪಸು ಹೋದದ್ದನ್ನು ನಾನು ಯಾವ ಇತಿಹಾಸದಲ್ಲೂ ಓದಿಲ್ಲ. “ಒಂದೂವರೆ ತಿಂಗಳು ನನ್ನ ಅತ್ತಿ ಏನು ಉಣಬೇಕ್ರಿ?” ಎಂದು ಕೇಳಿದೆ. ಅವನು ಹೈದರಾಬಾದಿನ ವಿಳಾಸ ಬರೆದುಕೊಳ್ಳಿ ಎಂದ. ಫೋನಿಟ್ಟು ಸೆರಗು ಸಿಕ್ಕಿಸಿದೆ. ವಾಲ್ವ್ ಎಂದರೆ ಕರೆಂಟು ಬಂದಾಗ ತೆರೆದು, ಹೋದಾಗ ಮುಚ್ಚುವ ಒಂದು ನಳ, ಅಷ್ಟೇ. ಅದನ್ನು ಹತ್ತನೆಯ ಕ್ಲಾಸಿಗೆ ಬೋರ್ಡಿನ ಮೇಲೆ ಬರೆದು ತೋರಿಸಿದವಳು ನಾನು. ಬರೆದದ್ದು ಬಿಟ್ಟರೆ ಒಂದನ್ನೂ ಬಿಚ್ಚಿ ನೋಡಿರಲಿಲ್ಲ ಎಂಬುದು ಬೇರೆ ಮಾತು. ಆ ಸಿಟ್ಟಿನಲ್ಲಿ ಅದು ನೆನಪಾಗಲಿಲ್ಲ.

ನೆನಪಾದದ್ದು ಅಪ್ಪ. ನಮ್ಮ ತವರಿನ ಹೊಲ ಮಾನ್ವಿಯ ಹತ್ತಿರ, ಕಾಲುವೆಯ ಕಟ್ಟಕಡೆಗೆ. ನಮ್ಮ ಗದ್ದೆಗೆ ನೀರು ಬಾರದ ದಿನ ಊರಿನವರೆಲ್ಲ ಮೊದಲು ತೂಬನ್ನು ಬೈಯುತ್ತಿದ್ದರು, ಆಮೇಲೆ ತೂಬು ಕಾಯುವವನನ್ನು, ಕೊನೆಗೆ ಸರ್ಕಾರವನ್ನು. ಅಪ್ಪ ಯಾರನ್ನೂ ಬೈಯದೆ, ಚಪ್ಪಲಿ ಕೈಯಲ್ಲಿ ಹಿಡಿದು ಕಾಲುವೆಗುಂಟ ಬರಿಗಾಲಲ್ಲಿ ನಡೆಯುತ್ತಿದ್ದರು. ನಾನೂ ಹಿಂದೆ ಓಡುತ್ತಿದ್ದೆ. “ತೇವ ಎಲ್ಲಿಗೆ ನಿಂತದ ನೋಡು. ಅಲ್ಲೇ ಏನೋ ಸಿಕ್ಕಿರ್ತದ” ಎನ್ನುತ್ತಿದ್ದರು. ಸಿಕ್ಕಿರುತ್ತಿದ್ದದ್ದು ಹೆಚ್ಚಾಗಿ ಜೊಂಡು. ಒಮ್ಮೆ ಯಾರದೋ ಹೊದೆಯುವ ಕೌದಿ. ಅಪ್ಪ ಅದನ್ನು ಹಿಂಡಿ, ದಂಡೆಯ ಮೇಲೆ ಒಣಹಾಕಿ ಬಂದಿದ್ದರು.

ಓವನ್ನಿನಲ್ಲಿ ನಡೆದಾಡಲು ಜಾಗವಿಲ್ಲ, ಬೆರಳಲ್ಲೇ ನಡೆದೆ. ಮೊದಲು ಮಷಿನ್ ಹಚ್ಚಿ ಕಿವಿಗೊಟ್ಟೆ. ಒಳಗೆ ‘ಟಕ್’ ಎಂಬ ಸದ್ದಾಯಿತು. ಅಂದರೆ ವಾಲ್ವಿಗೆ ಕರೆಂಟು ಮುಟ್ಟುತ್ತಿದೆ, ಅದು ಎದ್ದು ಕೂರುತ್ತಿದೆ. ಸತ್ತಿಲ್ಲ. ಪ್ಲಗ್ಗು ಕಿತ್ತು ಹಿಂಬದಿಯ ತಗಡು ಬಿಚ್ಚಿದೆ. ಗಂಡ ಬ್ಯಾಟರಿ ಹಿಡಿದು ನಿಂತು, “ಹೋದ ಜೀವ ವಾಪಸ್ ಬರಾಂಗಿಲ್ಲ ನೋಡು, ಅದರದ್ದಾಗ್ಲಿ ನಿಂದಾಗ್ಲಿ” ಎಂದು ಧೈರ್ಯ ತುಂಬಿದರು. ತೊಟ್ಟಿಯ ತಳ ಒದ್ದೆ. ಕಂಪನಿಯ ಪುಸ್ತಕದ ಚಿತ್ರದಲ್ಲಿ ಅಲ್ಲೊಂದು ಅಂಗಿಯ ಗುಂಡಿಯಷ್ಟಗಲದ ಜಾಲರಿ ಇತ್ತು, ನಮ್ಮದರಲ್ಲಿ ಇರಲಿಲ್ಲ. ಜಾಲರಿ ಹಾಕದೆ ಮಾರಿ ನಮ್ಮ ನೀರಿಗೆ ಹೆಸರಿಡುತ್ತಾರೆ ಎಂದು ಕಂಪನಿಯವರಿಗೆ ಮನಸಾರೆ ಬೈದೆ. ಮುಂದಿನ ಕೊಳವೆ ಒದ್ದೆ. ವಾಲ್ವಿನ ಬಾಯಿ ಒದ್ದೆ. ವಾಲ್ವಿನಾಚೆಯ ಕೊಳವೆ ಮಾತ್ರ ಒಣಗಿ ಬಣಬಣ. ತೇವ ನಿಂತ ಜಾಗ ಸಿಕ್ಕಿತು.

ಎರಡು ಸ್ಕ್ರೂ ತೆಗೆದೆ. ಸುಣ್ಣದ ಬಿಲ್ಲೆ ಬರಬಹುದೆಂದು ಒಂದು ಬಟ್ಟಲು ನಿಂಬೆಹುಳಿ ಹಿಂಡಿಟ್ಟುಕೊಂಡಿದ್ದೆ. ವಾಲ್ವಿನ ಬಾಯಿಂದ ಪಿನ್ನಿನ ತುದಿಗೆ ಸಿಕ್ಕಿ ಬಂದದ್ದು ಸುಣ್ಣವಲ್ಲ, ನೂಲು. ಬಿಳಿಯ ಹತ್ತಿಯ ನೂಲು, ಎಳೆಎಳೆಯಾಗಿ ಸುತ್ತಿಕೊಂಡು ಕಡಲೆಕಾಳಿನಷ್ಟು ಗಂಟಾಗಿತ್ತು. ನಾವಿಬ್ಬರೂ ಅದನ್ನು ಅಂಗೈಲಿಟ್ಟುಕೊಂಡು ಮಿಕಿಮಿಕಿ ನೋಡುತ್ತಿರುವಾಗ ಅತ್ತೆ ಹಿಂದಿನಿಂದ ಬಗ್ಗಿ, “ಇದು ನಿಮ್ಮ ಮಾವನ ಧೋತ್ರದ್ದಲ್ಲೇನಬೇ?” ಎಂದರು.

ನಮ್ಮ ಮನೆಯ ನಳಗಳಿಗೆಲ್ಲ ಬಿಳಿ ಅರಿವೆಯ ಚೂರು ಕಟ್ಟಿರುತ್ತದೆ. ಬಹುಶಃ ಈ ಕಡೆ ಯಾರ ಮನೆಗೆ ಹೋದರೂ ಕಾಣುವಿರಿ. ಮಳೆಗಾಲದ ಕೆಂಪು ನೀರು ಅದರಲ್ಲಿ ಸೋಸಿಯೇ ಕೊಡಕ್ಕಿಳಿಯಬೇಕು. ಗಬ್ಬೂರಿನ ಬಾವಿಯಿಂದ ಹಿಡಿದು ಇಲ್ಲಿಯ ನಳದವರೆಗೆ ಅತ್ತೆ ಸೋಸದ ನೀರು ಮುಟ್ಟಿದವರಲ್ಲ. ಓವನ್ನಿನ ತೊಟ್ಟಿಯಲ್ಲಿ ಆ ಪ್ಲಾಸ್ಟಿಕ್ ಜಾಲರಿ ಕಂಡು ಅವರಿಗೆ ನಂಬಿಕೆ ಬಂದಿಲ್ಲ. ಕಿತ್ತಿಟ್ಟು, ಮಾವನ ಹಳೆಯ ಧೋತ್ರ ಹರಿದು ತೊಟ್ಟಿಯ ಬಾಯಿಗೆ ಕಟ್ಟಿ, ದಿನವೂ ನೀರು ಸೋಸಿ ಹಾಕಿದ್ದಾರೆ. ಹರಿದ ಅಂಚಿನ ಎಳೆಗಳು ನೀರಿನ ಜೊತೆ ಒಳಗೆ ಹೋಗಿವೆ.

“ಜಾಲರಿ ಎಲ್ಲಿ ಅದರಿ ಯವ್ವಾ?” ಎಂದು ಕೇಳಿದೆ. ಹಲ್ಲಿನ ಡಬ್ಬಿ ತಂದು ಮುಚ್ಚಳ ತೆಗೆದರು. ಹಲ್ಲಿನ ಸೆಟ್ಟಿನ ಪಕ್ಕದಲ್ಲಿ ಜಾಲರಿ ಹಾಯಾಗಿ ಮಲಗಿತ್ತು.

“ಇಷ್ಟು ದೊಡ್ಡ ತೂತಿನ ಸಾಣಿಗ್ಯಾಗ ಏನು ನಿಂದರ್ತದಬೇ? ನಾವು ಸೋಸಿ ಕುಡಿಯೋದು, ನಮಗ ದುಡಿಯೋ ಮಷಿನ್ನಿಗ ಮಣ್ಣನೀರಾ?” ಎಂದರು. ಕಂಪನಿಯವರಿಗೆ ಬೈದದ್ದನ್ನು ನಾನು ಸದ್ದಿಲ್ಲದೆ ಅರ್ಧಕ್ಕರ್ಧ ವಾಪಸು ತೆಗೆದುಕೊಂಡೆ. ನಮ್ಮ ನೀರಿಗೆ ಹೆಸರಿಟ್ಟದ್ದಕ್ಕೆ ಬೈದ ಅರ್ಧವನ್ನು ಮಾತ್ರ ಬಿಡಲಿಲ್ಲ.

ವಾಲ್ವು ತೊಳೆದು, ಜಾಲರಿ ಕೂರಿಸಿ, ಎಲ್ಲ ಜೋಡಿಸಿದೆ. ಒಂದು ಸ್ಕ್ರೂ ಮಿಕ್ಕಿತು. ಯಂತ್ರ ಬಿಚ್ಚಿದವರಿಗೆಲ್ಲ ಮಿಕ್ಕುತ್ತದಂತೆ. ಹಚ್ಚಿದೆ. ‘ಟಕ್’ ಎಂದಿತು. ಹಿಂದೆಯೇ ಗುಳುಗುಳು ನೀರಿಳಿದು, ಗಾಜಿಗೆ ಮಂಜು ಹತ್ತಿತು. ಗಂಡ ಬ್ಯಾಟರಿ ಆರಿಸುವುದನ್ನೇ ಮರೆತು ಅದನ್ನು ನೋಡುತ್ತ ನಿಂತರು.

ಇನ್ನು ಮೇಲೆ ಧೋತ್ರ ಬೇಡವೆಂದು ಅತ್ತೆಗೆ ತಿಳಿಸಿ ಹೇಳಹೋದೆ. ಅವರು ಹಗ್ಗದ ಮೇಲೆ ಒಣಗಿದ್ದ ಆ ಚೂರನ್ನು ತಂದು ನನ್ನ ಕೈಗಿಟ್ಟರು. ನಡುವೆ ರೂಪಾಯಿಯಗಲ ಕೆಂಪು ಮಣ್ಣು ಕಟ್ಟಿಕೊಂಡಿತ್ತು. “ಇದು ಒಳಗ ಹೋಗಿದ್ರ?” ಎಂದರು. ಮೂವತ್ತು ವರ್ಷ ಪ್ರಯೋಗ ಮಾಡಿಸಿದವಳಿಗೆ ಎದುರಿಗಿದ್ದ ಪುರಾವೆಯನ್ನು ಅಲ್ಲಗಳೆಯಲಾಗಲಿಲ್ಲ. ಮಷಿನ್ ಹಾಳಾಗಿದ್ದು ಸೋಸಿದ್ದಕ್ಕಲ್ಲ, ಹರಿದ ಅಂಚಿಗೆ. ಸೂಜಿ ದಾರ ತಂದು ನಾಲ್ಕೂ ಕಡೆ ಅಂಚು ಮಡಿಸಿ ಹೊಲಿದೆ. ಅತ್ತೆ ಒಂದೊಂದು ಹೊಲಿಗೆಯನ್ನೂ ಎಳೆದು ನೋಡಿ ಒಪ್ಪಿದರು.

ಮರುದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಕಂಪನಿಯ ತರುಣ ತಾನೇ ಫೋನು ಮಾಡಿದ. “ಮೆಷಿನ್ ಕಳಿಸಿದ್ರಾ ಮೇಡಂ?”

“ಇಲ್ರಿ. ನಡೀಲಿಕತ್ತದ.”

ಅವನಿಗೆ ಸ್ವಲ್ಪ ಬೇಸರವಾದಂತಿತ್ತು. “ಹಾಗಾದ್ರೆ ದೂರು ಮುಚ್ಚಬೇಕು. ಕಾರಣ ಏನು ಬರೀಲಿ, ಗಡಸು ನೀರು ಅಂತಲೇ ಹಾಕ್ಲಾ?”

“ಬ್ಯಾಡ್ರಿ. ನಮ್ಮ ನೀರಿನ ಹೆಸರು ಹಾಕಬ್ಯಾಡ್ರಿ. ಅರಿವಿ ಅಂಚು ಹೊಲಿದಿರಲಿಲ್ಲ, ಈಗ ಹೊಲಿದಾರ ಅಂತ ಬರಕೋರಿ.”

ಅವನು ಇನ್ನೊಮ್ಮೆ ಹೇಳಿ ಎಂದ. ಅಷ್ಟರಲ್ಲಿ ಅತ್ತೆ ಎರಡನೆಯ ರೊಟ್ಟಿ ಕೇಳಿದರು. ನಾನು ಫೋನಿಟ್ಟು ಎದ್ದೆ.